ಎಲ್ಲರೂ ಒಮ್ಮೆಲೇ ಕೂಗಿದರೆ



2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮ ನರಗುಂದ, ರೋಣ ಭಾಗದ ಊರುಗಳಿಗೆ ನೀರು ನುಗ್ಗಿತು. ನದಿಯುದ್ದಕ್ಕೂ ನೀರಿನ ಮಟ್ಟ ತಿಳಿಸುವ ರೇಡಿಯೊ ಮೋಡೆಮ್‌ಗಳು, ಗುಡ್ಡದ ಮೇಲೊಂದು ರಿಪೀಟರ್ ಇವೆ ಎಂದುಕೊಳ್ಳಿ. ನೀರೇರಿದಾಗ ಎಲ್ಲವೂ ನಮ್ಮ ತರಗತಿಯ ಮಕ್ಕಳಂತೆ ಒಮ್ಮೆಲೇ ಕೂಗುತ್ತವೆ; ಸಂದೇಶಗಳು ಡಿಕ್ಕಿಯಾಗಿ ಒಂದೂ ತಲುಪದು. ಮೊದಲು ಕಿವಿಗೊಟ್ಟು ಆಮೇಲೆ ಮಾತಾಡಬಾರದೇ? ಗುಡ್ಡದ ಆಚೆಯದರ ದನಿ ಈಚೆಯದಕ್ಕೆ ಕೇಳದು. ಎರಡೂ ಕೇಳುವುದು ರಿಪೀಟರಿಗೆ ಮಾತ್ರ. ಅದೋ ಪೂರ್ತಿ ಕೇಳಿಸಿಕೊಂಡ ಮೇಲೆಯೇ ಮರುಪ್ರಸಾರ ಮಾಡುವಂಥದ್ದು.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಅವರ ಅಲೋಹಾನೆಟ್‌ನಲ್ಲಿ ‘ಮುಟ್ಟಿತು’ ಎಂಬ ಉತ್ತರ ಬಾರದಿದ್ದರೆ ಒಂದೊಂದು ಯಂತ್ರ ಒಂದೊಂದು ಹೊತ್ತು ಕಾದು ಮತ್ತೆ ಕಳಿಸುತ್ತಿತ್ತು. ಜಾಣತನವೇ ಸರಿ, ಆದರೆ ದಾರಿಯ ಗರಿಷ್ಠ ಬಳಕೆ ಸುಮಾರು ಶೇ. 18 ಮಾತ್ರ.

ನದಿಯ ಕೆಲಸಕ್ಕೆ ನಾನು ಒಪ್ಪುವುದು ಹಾಜರಿ ಪದ್ಧತಿಯನ್ನು. ಕೇಂದ್ರ ಹೆಸರು ಕೂಗಿದ ಮೋಡೆಮ್ ಮಾತ್ರ ಉತ್ತರಿಸಬೇಕು. ತಡವಾಗುತ್ತದೆ, ನಿಜ. ರಿಪೀಟರ್ ಹೇಳಿ ಮುಗಿಸುವವರೆಗೆ ಮುಂದಿನ ಹೆಸರು ಕೂಗುವಂತಿಲ್ಲ.