ಬೆರಳು ನಿಮ್ಮದು, ಬೀಗದ ಕೈ ಯಾರದು?

ಮೊನ್ನೆ ಒಬ್ಬ ವೀಕ್ಷಕರು ಫೋನ್ ಮಾಡಿದ್ರು. "ಸಾರ್, ನಿಮ್ಮ ಚಾನೆಲ್‌ನ ನಿನ್ನೆಯ ಪ್ರಶ್ನೆಗೆ ನಾನು ಆರು ಸಲ ಉತ್ತರ ಒತ್ತಿದೀನಿ, ನನ್ನ ಕಡೆಯವರೇ ಗೆದ್ದರು" ಅಂತ ಭಾರೀ ಖುಷಿಯಲ್ಲಿದ್ರು. ನಾನು ನಕ್ಕು ಸುಮ್ಮನಾದೆ. ಯಾಕೆ ಅಂದ್ರೆ ಸ್ಕ್ರೀನ್ ಕೆಳಗೆ ಓಡುವ ಆ 'ಹೌದು - ಇಲ್ಲ - ಗೊತ್ತಿಲ್ಲ' ಒಂದು ಆಟ. ಅದರಿಂದ ಯಾರ ಮನೆಯ ನೀರೂ ನಿಲ್ಲಲ್ಲ, ಯಾರ ಜೇಬಿಗೂ ಕತ್ತರಿ ಬೀಳಲ್ಲ. ಆದರೆ ಇದೇ ಆಟವನ್ನು ಆಡಿ ಜನರ ನೀರು, ಜನರ ದುಡ್ಡು ತೀರ್ಮಾನ ಮಾಡಿದರೆ? ಅದನ್ನ ನಾನು ನನ್ನ ಮನೆಯ ಕೆಳಗೇ ನೋಡಿದ್ದೀನಿ. ನೋಡಿದ್ದೀನಿ ಅಂದರೆ ಸಾಲದು, ಅದರಲ್ಲಿ ನನ್ನ ಕೈಯೂ ಇತ್ತು.

2024ರ ಬೇಸಿಗೆ ಬೆಂಗಳೂರಿನವರಿಗೆ ಮರೆಯೋಕಾಗಲ್ಲ. ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. 5 ಕಿಲೋಮೀಟರ್ ಒಳಗಾದರೆ 12 ಸಾವಿರ ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು. ನಮ್ಮ ಅಪಾರ್ಟ್‌ಮೆಂಟಿಗೆ ದಿನಾ ಟ್ಯಾಂಕರ್ ಸಾಲು. ಆ ಖರ್ಚನ್ನ ಹೇಗೆ ಹಂಚೋದು ಅಂತ ಒಂದು ಭಾನುವಾರ ಬೆಳಗ್ಗೆ ವಾಟ್ಸಾಪ್ ಗುಂಪಿನಲ್ಲಿ ಪೋಲ್ ಬಂತು. ಎಲ್ಲ ಮನೆಗೂ ಸಮ, ಅಥವಾ ಮನೆ ಎಷ್ಟು ಚದರಡಿ ಇದೆಯೋ ಆ ಲೆಕ್ಕ. ಎರಡೇ ಆಯ್ಕೆ. ಮೀಟರ್ ಹಾಕಿ, ಬಳಸಿದವರು ಬಳಸಿದಷ್ಟಕ್ಕೆ ಕೊಡಲಿ ಅನ್ನೋ ಮೂರನೇ ದಾರಿ ಅಲ್ಲಿ ಇರಲೇ ಇಲ್ಲ. ಸಂಜೆ ಆರಕ್ಕೆ ಮುಗೀತು. 'ಸಮ' ಗೆದ್ದಿತು. ನಮ್ಮ ಮನೆಯಿಂದ ಎಷ್ಟು ಓಟು ಗೊತ್ತಾ? ಮೂರು. ನನ್ನದು, ನನ್ನ ಹೆಂಡತಿಯದು, ಮಗನದು. ಮೂವರೂ ಗುಂಪಿನಲ್ಲಿದ್ವಿ, ಮೂವರೂ ಒತ್ತಿದ್ವಿ. ತಪ್ಪು ಅಂತ ಆಗ ಅನ್ನಿಸಲೇ ಇಲ್ಲ.

ಎರಡು ದಿನ ಆದ ಮೇಲೆ ಲಿಫ್ಟ್‌ನಲ್ಲಿ ಟೀಚರಮ್ಮ ಸಿಕ್ಕಿದರು. ಸರ್ಕಾರಿ ಶಾಲೆಯಿಂದ ನಿವೃತ್ತರಾದವರು, ಸಣ್ಣ ಮನೆಯಲ್ಲಿ ಒಬ್ಬರೇ ಇದ್ದಾರೆ. ಸ್ಮಾರ್ಟ್‌ಫೋನ್ ಇಲ್ಲ, ಬಟನ್ ಫೋನ್. ದಿನಕ್ಕೆ ನಾಲ್ಕೈದು ಬಕೆಟ್ ನೀರು ಬಳಸುವ ಆಯಮ್ಮನಿಗೂ, ಆರು ಜನ ಮತ್ತು ಎರಡು ವಾಷಿಂಗ್ ಮೆಷಿನ್ ಇರುವ ಮನೆಗೂ ಒಂದೇ ಬಿಲ್ಲು. "ಏನಪ್ಪಾ, ಓಟಾಯ್ತಂತೆ? ನನ್ನನ್ನ ಯಾರೂ ಕೇಳಲೇ ಇಲ್ವಲ್ಲ" ಅಂದರು. ಗುಂಪಿನಲ್ಲಿ ಹಾಕಿದ್ದರು ಅಮ್ಮ, ಅಂದೆ. ಅವರು ನನ್ನ ಮುಖ ನೋಡಿ, "ನಾನು ಎಷ್ಟೋ ಎಲೆಕ್ಷನ್ ಡ್ಯೂಟಿ ಮಾಡಿದೀನಿ. ಖಾಲಿ ಪೆಟ್ಟಿಗೆ ಏಜೆಂಟರಿಗೆಲ್ಲ ತೋರಿಸಿ ಆಮೇಲೆ ಸೀಲ್ ಮಾಡ್ತಿದ್ವಿ. ನೀವು ಯಾರಿಗೆ ಏನು ತೋರಿಸಿದ್ರಿ?" ಅಂದುಬಿಟ್ಟರು. ದಿನಾ ರಾತ್ರಿ ಮಂತ್ರಿಗಳನ್ನ ಕೂರಿಸಿಕೊಂಡು ಪ್ರಶ್ನೆ ಕೇಳೋನು ನಾನು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಆನ್‌ಲೈನ್ ಓಟು ಬೇಡ ಅಂತ ನಾನು ಹೇಳ್ತಾ ಇಲ್ಲ. ಸರ್ವ ಸದಸ್ಯರ ಸಭೆ ಹೇಗೆ ನಡೆಯುತ್ತೆ ನಿಮಗೂ ಗೊತ್ತು. ಕೋರಂ ಇಲ್ಲ, ಅರ್ಧ ಗಂಟೆ ಮುಂದಕ್ಕೆ, ಆಮೇಲೆ ಬಂದಷ್ಟೇ ಜನರಲ್ಲಿ ತೀರ್ಮಾನ. ಕಾಫಿ ಕುಡಿದು ಎದ್ದರೆ ಮುಗೀತು. ರಾತ್ರಿ ಪಾಳಿಯ ನರ್ಸ್, ಮಗು ಎತ್ತಿಕೊಂಡ ತಾಯಿ, ಹಾಸಿಗೆ ಹಿಡಿದವರು ಅಲ್ಲಿಗೆ ಬರೋಕಾಗಲ್ಲ. ಅವರ ಮಾತನ್ನ ತರೋ ಶಕ್ತಿ ಫೋನಿಗಿದೆ. ನನ್ನ ತಕರಾರು ಇಷ್ಟೇ: ಆನ್‌ಲೈನ್ ಓಟಿನ ನ್ಯಾಯ ತೀರ್ಮಾನ ಆಗೋದು ಓಟು ಶುರುವಾಗೋ ಮೊದಲು. ಪಟ್ಟಿ ಯಾರ ಕೈಯಲ್ಲಿದೆ, ಪ್ರಶ್ನೆ ಬರೆದವರು ಯಾರು, ಪೆಟ್ಟಿಗೆಯ ಬೀಗದ ಕೈ ಯಾರ ಜೇಬಿನಲ್ಲಿದೆ. ಈ ಮೂರೂ ಒಬ್ಬನೇ ಅಡ್ಮಿನ್ ಹತ್ತಿರ ಇದ್ದರೆ ನೀವು ಬೆರಳು ಒತ್ತಿದರೂ ಒಂದೇ, ಬಿಟ್ಟರೂ ಒಂದೇ.

ಮೊದಲು ಪಟ್ಟಿ ನೋಡೋಣ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ನೇ ಇಸವಿಯದ್ದು. ಅದರಲ್ಲಿ ಬಹುಮತ ಅಂದರೆ, ಘೋಷಣಾ ಪತ್ರದಲ್ಲಿ ಪ್ರತಿ ಮನೆಗೆ ಇಷ್ಟು ಅಂತ ನಿಗದಿಯಾದ ಶೇಕಡಾವಾರು ಓಟಿನ ಲೆಕ್ಕದಲ್ಲಿ 51 ಅಥವಾ ಹೆಚ್ಚು. ಓಟು ಇರೋದು ಮನೆಗೆ, ಸಿಮ್ ಕಾರ್ಡಿಗಲ್ಲ. ನಿಮ್ಮ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿದ್ದರೆ ಬೈಲಾ ತೆಗೆದು ನೋಡಿ. ಹೇಗಿದ್ದರೂ ವಾಟ್ಸಾಪ್ ಗುಂಪು ಮತದಾರರ ಪಟ್ಟಿ ಆಗಲ್ಲ. ಅಡ್ಮಿನ್ ಯಾರನ್ನ ಬೇಕಾದರೂ ಸೇರಿಸಬಹುದು, ಯಾರನ್ನ ಬೇಕಾದರೂ ತೆಗೆಯಬಹುದು. ಜಗಳ ಮಾಡಿದವನನ್ನ ಶುಕ್ರವಾರ ತೆಗೆದು ಭಾನುವಾರ ಪೋಲ್ ಹಾಕಿದರೆ ಯಾರಿಗೆ ಗೊತ್ತಾಗುತ್ತೆ?

ಬಾಡಿಗೆದಾರರ ವಿಷಯ ಇನ್ನೂ ಕಷ್ಟದ್ದು. ಟ್ಯಾಂಕರ್ ದುಡ್ಡು ಕೊಡೋರು ಅವರು, ಬಕೆಟ್ ಹಿಡಿದು ನಿಲ್ಲೋರು ಅವರು. ಓಟು ಮಾತ್ರ ಅಮೆರಿಕದಲ್ಲಿ ಕೂತ ಮಾಲೀಕರದ್ದು. ಕಾನೂನು ಮಾಲೀಕರಿಗೆ ಓಟು ಕೊಟ್ಟಿದೆ, ಸರಿ. ಆದರೆ ಬಾಡಿಗೆದಾರರನ್ನ ಕೇಳಲೇಬಾರದು ಅಂತ ಯಾವ ಕಾನೂನಿನಲ್ಲಿದೆ? ಅವರ ಅಭಿಪ್ರಾಯ ಬೇರೆಯಾಗಿ ತಗೊಳ್ಳಿ, ಬೇರೆಯಾಗಿ ಎಣಿಸಿ, ಮಾಲೀಕರು ಓಟು ಹಾಕೋ ಮೊದಲೇ ಆ ಲೆಕ್ಕ ನೋಟಿಸ್ ಬೋರ್ಡಿಗೆ ಅಂಟಿಸಿ. ನೋಡಿದ ಮೇಲೂ ಮಾಲೀಕರು ಬೇರೆ ಥರ ಒತ್ತಬಹುದು, ಒತ್ತಲಿ. ನೋಡಿ ಒತ್ತಲಿ.

ಇದೆಲ್ಲ ದೊಡ್ಡ ತಲೆನೋವು ಅಂತೀರಾ? ನಮ್ಮ ದೇಶದಲ್ಲೇ ಇದಕ್ಕೆ ಬರೆದಿಟ್ಟ ನಿಯಮ ಇದೆ. ನಿಮ್ಮಲ್ಲಿ ಯಾರಾದರೂ ಒಂದು ಲಿಸ್ಟೆಡ್ ಕಂಪನಿಯ ಹತ್ತು ಷೇರು ಇಟ್ಟಿದ್ದರೂ ಎನ್‌ಎಸ್‌ಡಿಎಲ್ ಇಲ್ಲವೇ ಸಿಡಿಎಸ್‌ಎಲ್ ಕಡೆಯಿಂದ 'ಇ-ವೋಟಿಂಗ್' ಅಂತ ಮೇಲ್ ಬಂದಿರುತ್ತೆ. ಓದದೇ ಅಳಿಸಿರ್ತೀರಿ. ನಾನೂ ಅಳಿಸ್ತಿದ್ದೆ. 2013ರ ಕಂಪನಿ ಕಾಯ್ದೆಯ 108ನೇ ಸೆಕ್ಷನ್, ಅದರ ಕೆಳಗಿನ 2014ರ ನಿಯಮಗಳು ಏನು ಹೇಳುತ್ತವೆ ಕೇಳಿ. ಯಾರಿಗೆ ಓಟಿದೆ ಅನ್ನೋದಕ್ಕೆ ಒಂದು ಕಟ್-ಆಫ್ ದಿನಾಂಕ ಮೊದಲೇ ಗೊತ್ತು ಮಾಡಬೇಕು. ಆನ್‌ಲೈನ್ ಓಟು ಕನಿಷ್ಠ ಮೂರು ದಿನ ತೆರೆದಿರಬೇಕು, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚಬೇಕು. ಎಣಿಸೋಕೆ ಕಂಪನಿಯ ನೌಕರನಲ್ಲದ ಒಬ್ಬ ಪರಿಶೀಲಕ ಬೇಕು. ಆತ ಮೊದಲು ಸಭೆಯಲ್ಲಿ ಬಿದ್ದ ಓಟು ಎಣಿಸಿ, ಆಮೇಲೆ ಕಂಪನಿಯ ಕೆಲಸದಲ್ಲಿಲ್ಲದ ಇಬ್ಬರು ಸಾಕ್ಷಿಗಳ ಎದುರು ಆನ್‌ಲೈನ್ ಓಟಿನ ಬೀಗ ತೆಗೆಯಬೇಕು. ಸಾವಿರಾರು ಕೋಟಿಯ ಕಂಪನಿ ಇಬ್ಬರು ಹೊರಗಿನವರ ಮುಂದೆ ಪೆಟ್ಟಿಗೆ ತೆಗೆಯುತ್ತೆ. ನಮ್ಮ ಸಂಘಗಳಲ್ಲಿ ಸೆಕ್ರೆಟರಿ ತಮ್ಮ ಲ್ಯಾಪ್‌ಟಾಪ್ ತೆಗೆದು ಗೂಗಲ್ ಫಾರ್ಮ್ ನೋಡಿ "ಆಯ್ತು, ಪಾಸಾಯ್ತು" ಅಂತಾರೆ!

ಆ ಗೂಗಲ್ ಫಾರ್ಮಿನಲ್ಲಿ ಒಂದು ಸಣ್ಣ ಕಿತಾಪತಿ ಅಡಗಿದೆ. ಅದನ್ನ ಮಾಡಿದವರಿಗೆ ಓಟು ಬೀಳ್ತಾ ಇದ್ದ ಹಾಗೇ ಕಾಣುತ್ತೆ. ಎರಡನೇ ದಿನಕ್ಕೇ ತಮ್ಮ ಕಡೆ ಸೋಲ್ತಾ ಇದೆ ಅಂತ ಗೊತ್ತಾದರೆ ಏನು ಮಾಡ್ತಾರೆ? "ಇನ್ನೂ ಹಲವರು ಓಟು ಹಾಕಿಲ್ಲ, ಸದಸ್ಯರ ಕೋರಿಕೆ ಮೇರೆಗೆ ಎರಡು ದಿನ ವಿಸ್ತರಿಸಲಾಗಿದೆ." ಯಾವ ಸದಸ್ಯರ ಕೋರಿಕೆ? ಗೆಲ್ತಾ ಇದ್ದಿದ್ದರೆ ವಿಸ್ತರಿಸ್ತಾ ಇದ್ರಾ? ಮುಚ್ಚುವ ಗಳಿಗೆ ಮೊದಲೇ ಹೇಳಬೇಕು, ಮುಚ್ಚುವ ತನಕ ಲೆಕ್ಕ ಯಾರಿಗೂ ಕಾಣಬಾರದು. ಇನ್ನೊಂದು ಕೇಳಿದ್ದೀನಿ. ವಯಸ್ಸಾದವರಿಗೆ ಫೋನ್ ಮಾಡಿ, "ಅಂಕಲ್, ನಿಮಗೊಂದು ಒಟಿಪಿ ಬಂದಿರುತ್ತೆ, ಹೇಳಿಬಿಡಿ, ನಾವೇ ಹಾಕಿಬಿಡ್ತೀವಿ." ಬ್ಯಾಂಕಿನವರು ಅಂತ ಹೇಳಿಕೊಂಡು ಹೀಗೆ ಕೇಳಿದರೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀವಿ. ಇಲ್ಲಿ ಥ್ಯಾಂಕ್ಸ್ ಹೇಳ್ತೀವಿ.

ಇನ್ನು ಗುಟ್ಟು. ನಮ್ಮ ಗುಂಪಿನ ಪೋಲ್‌ನಲ್ಲಿ ಯಾರು ಏನು ಒತ್ತಿದರು ಅಂತ ಎಲ್ಲರಿಗೂ ಕಾಣ್ತಿತ್ತು. ಪಕ್ಕದ ಮನೆಯವರ ಹತ್ತಿರ ಪಾರ್ಕಿಂಗ್ ಜಾಗ ಬೇಡಬೇಕಾದವರು ಅವರ ವಿರುದ್ಧ ಒತ್ತುತ್ತಾರಾ? ಈ ದಾಕ್ಷಿಣ್ಯದ ಸಮಸ್ಯೆಗೆ ಎಸ್ಟೋನಿಯಾ ಅನ್ನೋ ಪುಟ್ಟ ದೇಶ ಒಂದು ಉಪಾಯ ಕಂಡುಕೊಂಡಿದೆ. 2005ರಿಂದ ಅಲ್ಲಿ ಇಂಟರ್‌ನೆಟ್ ಮೂಲಕ ಓಟು ಹಾಕಬಹುದು. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಓಟು ಹಾಗೇ ಬಿದ್ದವು. ಅಲ್ಲಿ ಒಂದು ಸಲ ಹಾಕಿದವರು ಗಡುವಿನೊಳಗೆ ಮತ್ತೆ ಹಾಕಬಹುದು, ಕೊನೆಯದ್ದೇ ಲೆಕ್ಕಕ್ಕೆ. ಗಂಡನೋ ಧಣಿಯೋ ಪಕ್ಕದಲ್ಲಿ ನಿಂತು ಒತ್ತಿಸಿದರೆ, ಅವರು ಅತ್ತ ಹೋದ ಮೇಲೆ ಇನ್ನೊಮ್ಮೆ ಒತ್ತಿದರಾಯ್ತು. ಕಂಪನಿ ನಿಯಮದಲ್ಲಿ ಇದಕ್ಕೆ ತದ್ವಿರುದ್ಧ, ಒಮ್ಮೆ ಹಾಕಿದರೆ ಬದಲಿಸುವ ಹಾಗಿಲ್ಲ. ನೆರೆಹೊರೆಯ ಓಟಿಗೆ ನನ್ನ ಒಲವು ಎಸ್ಟೋನಿಯಾ ಕಡೆಗೆ. ಆದರೆ ಅಲ್ಲಿನವರ ಕೈಯಲ್ಲಿ ಪಿನ್ ನಂಬರ್ ಇರುವ ಸರ್ಕಾರಿ ಗುರುತಿನ ಚೀಟಿ ಇದೆ, ತಮ್ಮ ಓಟು ಸರಿಯಾಗಿ ತಲುಪಿತಾ ಅಂತ ಬೇರೆ ಫೋನಿನಲ್ಲಿ ನೋಡಿಕೊಳ್ಳೋ ಸೌಲಭ್ಯ ಇದೆ. ಉಚಿತ ಆಪ್ ಒಂದನ್ನ ಇಳಿಸಿಕೊಂಡು ನಾವೂ ಎಸ್ಟೋನಿಯಾ ಆದೆವು ಅಂದುಕೊಳ್ಳಬೇಡಿ.

ಟೀಚರಮ್ಮ ಕೇಳಿದ್ದು ಇದನ್ನೇ, ಯಾರಿಗೆ ಏನು ತೋರಿಸಿದ್ರಿ ಅಂತ. ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಮತಯಂತ್ರಗಳ ಬಗ್ಗೆ ತೀರ್ಪು ಕೊಡುವಾಗ ಹೆಚ್ಚುಕಮ್ಮಿ ಅದನ್ನೇ ಹೇಳಿತು. ಓಟು ಮತ್ತು ಎಣಿಕೆಯ ಮುಖ್ಯ ಹಂತಗಳನ್ನ ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಪ್ರಜೆಯೂ ಪರೀಕ್ಷಿಸುವ ಹಾಗಿರಬೇಕು ಅಂತ. ನಮ್ಮ ಬೂತ್‌ಗಳಲ್ಲೂ ಬೆಳಗ್ಗೆ ಮತದಾನಕ್ಕೆ ಮುಂಚೆ ಏಜೆಂಟರ ಎದುರು ಕನಿಷ್ಠ 50 ಅಣಕು ಓಟು ಹಾಕಿ, ಲೆಕ್ಕ ತಾಳೆ ನೋಡಿ, ಅಳಿಸಿ, ಆಮೇಲೆ ಶುರು ಮಾಡ್ತಾರೆ. ಇನ್ನೂ ಹಿಂದಕ್ಕೆ ಹೋಗಿ. ಕಾಂಚೀಪುರದ ಹತ್ತಿರ ಉತ್ತರಮೇರೂರು ಅಂತ ಊರಿದೆ. ಸಾವಿರದ ನೂರು ವರ್ಷದ ಹಿಂದಿನ ಚೋಳರ ಕಾಲದ ಶಾಸನ ಅಲ್ಲಿದೆ. ಹೆಸರು ಬರೆದ ಓಲೆಗಳನ್ನ ಮಡಕೆಗೆ ಹಾಕಿ, ಏನೂ ಅರಿಯದ ಹುಡುಗನ ಕೈಲಿ ಎತ್ತಿಸಿ ಊರಿನ ಸಮಿತಿ ಆರಿಸ್ತಿದ್ರು. ಆ ಓಲೆ ತೆಗೆದುಕೊಳ್ಳುವವನು ಐದೂ ಬೆರಳು ಬಿಚ್ಚಿ ಅಂಗೈ ಮೇಲೆ ತೆಗೆದುಕೊಳ್ಳಬೇಕು ಅಂತ ಬರೆದಿದ್ದಾರೆ. ಮುಷ್ಟಿಯಲ್ಲಿ ಬೇರೆ ಓಲೆ ಇಲ್ಲ ಅಂತ ಎಲ್ಲರಿಗೂ ಕಾಣಲಿ ಅಂತ ತಾನೇ?

ನಮ್ಮಲ್ಲಿ ಆಮೇಲೆ ಎರಡನೇ ಸಲ ಓಟಾಯ್ತು. ಬಹಳ ಜಗಳ ಆದ ಮೇಲೆ. ಮನೆ ನಂಬರಿನ ಪಟ್ಟಿ ಒಂದು ವಾರ ಮೊದಲೇ ಲಿಫ್ಟ್ ಪಕ್ಕ ಅಂಟಿಸಿದರು. ಪ್ರಶ್ನೆಯನ್ನ ಎರಡೂ ಕಡೆಯವರು ಕೂತು ಬರೆದರು, ಮೀಟರ್ ಸೇರಿತು. ಫೋನ್ ಇಲ್ಲದವರಿಗೆ ಆಫೀಸಿನಲ್ಲಿ ಕಾಗದದ ಚೀಟಿ, ರಟ್ಟಿನ ಡಬ್ಬ. ಪಕ್ಕದ ಅಪಾರ್ಟ್‌ಮೆಂಟಿನ ಇಬ್ಬರು ಬಂದು ಎದುರಿಗೆ ಕೂತರು. ಡಬ್ಬ ಖಾಲಿ ಇದೆ ಅಂತ ತಲೆಕೆಳಗೆ ಮಾಡಿ ತೋರಿಸಿದವರು ಟೀಚರಮ್ಮನೇ, ಬೇರೆಯವರಿಗೆ ಬಿಡಲಿಲ್ಲ. ಮೀಟರ್ ಗೆದ್ದಿತು. ನಮ್ಮ ಮನೆಯಿಂದ ಈ ಸಲ ಒಂದೇ ಓಟು, ಅದೂ ಸೋತಿತು. ಮೀಟರ್ ಬಂದ ಮೇಲಿನ ಮೊದಲ ಬಿಲ್ಲು ನೋಡಿ ನನ್ನ ಹೆಂಡತಿ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ನಾಳೆಯಿಂದ ನಮ್ಮ ಸ್ಕ್ರೀನ್ ಕೆಳಗಿನ ಪ್ರಶ್ನೆಯ ಪಕ್ಕದಲ್ಲಿ 'ಇದು ಮತದಾನ ಅಲ್ಲ' ಅಂತ ಒಂದು ಸಾಲು ಹಾಕೋಕೆ ನಮ್ಮ ಹುಡುಗರಿಗೆ ಹೇಳಿದ್ದೀನಿ. ಅಕ್ಷರ ಸಣ್ಣದಿರುತ್ತೆ, ಹುಡುಕಿ ನೋಡಿ.