ಸೋಲದೇವನಹಳ್ಳಿಯ ಲೀಲಾವತಮ್ಮ

2023ರ ಡಿಸೆಂಬರ್ 9ರಂದು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯ ಒಂದು ತೋಟದಲ್ಲಿ ಹಿರಿಯ ಜೀವವೊಂದನ್ನು ಮಣ್ಣು ಮಾಡಿದರು. ಅಂದು ಬಂದಿದ್ದವರಲ್ಲಿ ಚಿತ್ರರಂಗದವರಿದ್ದರು, ಸರ್ಕಾರದವರಿದ್ದರು. ಅಕ್ಕಪಕ್ಕದ ಹಳ್ಳಿಗಳ ಜನವೂ ಇದ್ದರು. ನಾಡಿಗೆಲ್ಲ ಆಕೆ ನಟಿ ಲೀಲಾವತಿ. ಈ ಹಳ್ಳಿಗಳವರಿಗೆ ಮಾತ್ರ ಲೀಲಾವತಮ್ಮ. ನಾಟಕ ಕಂಪನಿಯಿಂದ ಬೆಳ್ಳಿತೆರೆಗೆ, ಅಲ್ಲಿಂದ ಈ ತೋಟಕ್ಕೆ ಬಂದ ಅವರ ದಾರಿಯ ಬಗ್ಗೆ ಇವತ್ತು ನಾಲ್ಕು ಮಾತು.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಿಗೆ ನಾಟಕ ಹೊಸದಲ್ಲ. ಸುಗ್ಗಿ ಮುಗಿದರೆ ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬರುತ್ತಾರೆ. ಊರ ಹುಡುಗರು ತಿಂಗಳುಗಟ್ಟಲೆ ಕುರುಕ್ಷೇತ್ರದ ಪಾತ್ರ ಕಲಿಯುತ್ತಾರೆ. ಬಾಡಿಗೆ ಸೀನರಿ ಕಟ್ಟಿ ಬೆಳಗಾಗುವ ತನಕ ಆಡುತ್ತಾರೆ. ದ್ರೌಪದಿಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸಬೇಕು. ಊರಿನ ಹೆಣ್ಣುಮಗಳು ಬಣ್ಣ ಹಚ್ಚುವುದನ್ನು ಜನ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಜಪಾನಿನ ಕಬುಕಿ ನಾಟಕವನ್ನು ಶುರುಮಾಡಿದವಳೇ ಒಕುನಿ ಎಂಬ ಹೆಂಗಸು. ಆದರೂ 1629ರಲ್ಲಿ ಅಲ್ಲಿ ಹೆಂಗಸರು ರಂಗಕ್ಕೆ ಬರುವುದನ್ನೇ ನಿಷೇಧಿಸಿದರು. ಮುಂದೆ ಗಂಡಸರೇ ಹೆಣ್ಣುವೇಷ ಹಾಕಿದರು. ಸಿನಿಮಾ ಬಂದ ಮೊದಮೊದಲ ವರ್ಷಗಳಲ್ಲಿ ಅಲ್ಲಿನ ತೆರೆಯ ಮೇಲೂ ಅವರೇ ನಾಯಕಿಯರು. ನಮ್ಮ ಕಂಪನಿ ನಾಟಕಗಳಲ್ಲೂ ಬಹುಕಾಲ ಸೀರೆ ಉಟ್ಟವರು ಗಂಡಸರೇ. ಗುಬ್ಬಿ ವೀರಣ್ಣನವರ ಕಂಪನಿಯ ಬಿ. ಜಯಮ್ಮನಂಥವರು ರಂಗಕ್ಕೆ ಬಂದು ಆ ಕಟ್ಟು ಸಡಿಲಿಸಿದರು. ಅವರ ನಂತರದ ತಲೆಮಾರಿನಲ್ಲಿ ಬಂದವರು ಲೀಲಾವತಿ.

ಅವರು ಹುಟ್ಟಿದ್ದು ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡ ಹುಡುಗಿಗೆ ಬಣ್ಣವೇ ಅನ್ನಕ್ಕೆ ದಾರಿಯಾಯಿತು. 1949ರಲ್ಲಿ ತೆರೆಕಂಡ ಶಂಕರ್ ಸಿಂಗ್ ಅವರ 'ನಾಗಕನ್ನಿಕಾ' ಚಿತ್ರದಲ್ಲಿ ಸಣ್ಣದೊಂದು ಪಾತ್ರ ಸಿಕ್ಕಿತು. ಆಮೇಲೆ ಮಹಾಲಿಂಗ ಭಾಗವತರ ಜೊತೆ ವೃತ್ತಿರಂಗಭೂಮಿ. ಮೈಕು ಅಪರೂಪವಾಗಿದ್ದ ಕಾಲ ಅದು. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಕೇಳಬೇಕು, ಆದರೆ ಕಿರುಚಬಾರದು. ಉಸಿರು ಹಿಡಿದು ಮಾತನ್ನು ಬಿಡಿಸಿ ಹೇಳುವುದನ್ನು ಕಲಿಸುತ್ತಿದ್ದದ್ದು ಕಂಪನಿ ನಾಟಕ. ಲೀಲಾವತಿಯವರ ಕನ್ನಡ ಕಿವಿಗೆ ಅಷ್ಟು ಸ್ಪಷ್ಟವಾಗಿ ಬೀಳುವುದಕ್ಕೆ ಆ ಪಾಠವೇ ಬುನಾದಿ.

ಮತ್ತೆ ಸಿನಿಮಾಕ್ಕೆ ಬಂದಾಗ, ಸುಬ್ಬಯ್ಯನಾಯ್ಡು ಅವರ 'ಭಕ್ತ ಪ್ರಹ್ಲಾದ'ದಲ್ಲಿ ಅವರದು ಸಖಿಯ ಪಾತ್ರ. 1958ರಲ್ಲಿ 'ಮಾಂಗಲ್ಯ ಯೋಗ' ಅವರನ್ನು ನಾಯಕಿ ಮಾಡಿತು. 1960ರಲ್ಲಿ 'ರಾಣಿ ಹೊನ್ನಮ್ಮ'ದಲ್ಲಿ ರಾಜ್‌ಕುಮಾರ್ ಅವರಿಗೆ ಜೋಡಿ. ಅದೇ ವರ್ಷದ 'ರಣಧೀರ ಕಂಠೀರವ'ದ ಹಿಂದೆ ಒಂದು ದೊಡ್ಡ ಕಥೆಯಿದೆ. ಕನ್ನಡ ಚಿತ್ರಗಳೇ ಕಡಿಮೆಯಾಗಿ ಕಲಾವಿದರಿಗೆ ಕೆಲಸವಿಲ್ಲದಂತಾಗಿತ್ತು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಸಂಘ ಕಟ್ಟಿದರು, ನಾಟಕವಾಡುತ್ತ ಊರೂರು ಸುತ್ತಿದರು, ಕೊನೆಗೆ ತಾವೇ ಈ ಚಿತ್ರ ಮಾಡಿದರು. ಸಿನಿಮಾ ಕೈಬಿಟ್ಟಾಗ ನಾಟಕ ಅವರ ಕೈಹಿಡಿದಿತ್ತು. ಆ ಚಿತ್ರದಲ್ಲೂ ಲೀಲಾವತಿ ಇದ್ದರು.

ಬೇಂದ್ರೆಯವರ ಯುಗಾದಿಯ ಹಾಡನ್ನು ಎಸ್. ಜಾನಕಿಯವರ ಕಂಠದಲ್ಲಿ ಪ್ರತಿ ವರ್ಷ ನೀವು ಇದೇ ರೇಡಿಯೋದಲ್ಲಿ ಕೇಳುತ್ತೀರಿ. ಅದು 1963ರ 'ಕುಲವಧು' ಚಿತ್ರದ್ದು. ಆ ಚಿತ್ರದ ನಾಯಕಿ ಲೀಲಾವತಿ.

ನನ್ನ ಮಟ್ಟಿಗೆ ಅವರ ದೊಡ್ಡತನ ಕಾಣುವುದು ನಾಯಕಿಯ ಕಾಲ ಕಳೆದ ಮೇಲೆ. ತಾಯಿಯ ಪಾತ್ರಕ್ಕೆ ಕರೆ ಬಂದಾಗ ಅನೇಕರು ಮನೆ ಸೇರಿಬಿಡುತ್ತಾರೆ. ಲೀಲಾವತಿ ಹಾಗೆ ಮಾಡಲಿಲ್ಲ. ಪುಟ್ಟಣ್ಣ ಕಣಗಾಲರ 'ಗೆಜ್ಜೆಪೂಜೆ'ಯಲ್ಲಿ ಕಲ್ಪನಾ ಅವರ ತಾಯಿ ಅಪರ್ಣಾ ಆದರು. ತಾನು ಸಿಕ್ಕಿಬಿದ್ದ ಬಾಳಿಗೆ ಮಗಳೂ ಬೀಳುವುದನ್ನು ತಡೆಯಲಾರದ ತಾಯಿ ಅದು. 1972ರ 'ನಾಗರಹಾವು' ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರ ಹೆಂಡತಿ. ಹೆತ್ತ ಮಕ್ಕಳಿಲ್ಲದ ಆ ಮನೆಗೆ ಶಿಷ್ಯ ರಾಮಾಚಾರಿಯೇ ಮಗ. ತಮಿಳಿನಲ್ಲಿ ಬಾಲಚಂದರ್ ಅವರ 'ಅವರ್‌ಗಳ್' ಚಿತ್ರದಲ್ಲಿ ಸೊಸೆಯ ಪರವಾಗಿ ನಿಲ್ಲುವ ಅತ್ತೆ. ಹೆಚ್ಚು ಹೊತ್ತು ತೆರೆಯ ಮೇಲೆ ಇಲ್ಲದ ಪಾತ್ರಗಳೂ ಇದ್ದವು. ಆದರೂ ಮನೆಗೆ ಬಂದ ಮೇಲೆ ನೆನಪಿಗೆ ಬರುವ ಮುಖ ಅವರದು.

1974ರ 'ಭಕ್ತ ಕುಂಬಾರ'ವನ್ನೇ ನೆನಪಿಸಿಕೊಳ್ಳಿ. ಕುಂಬಾರ ಗೋರ ಪಾಂಡುರಂಗನ ಧ್ಯಾನದಲ್ಲಿ ಮೈಮರೆತು ಮಣ್ಣು ತುಳಿಯುತ್ತಿದ್ದಾನೆ. ಅಂಬೆಗಾಲಿಡುತ್ತ ಬಂದ ಅವನದೇ ಮಗು ಆ ಮಣ್ಣಿನಲ್ಲಿ ಸಿಕ್ಕಿ ಹೋಗುತ್ತದೆ. ಅದು ಗೋರನಿಗೆ ತಿಳಿಯದು. ಲೀಲಾವತಿಯವರ ಪಾತ್ರವಾದ ತಾಯಿಗೆ ತಿಳಿಯುತ್ತದೆ. ಗಂಡನ ಭಕ್ತಿಯನ್ನು ಬಲ್ಲವಳು ಅವಳು, ಆದರೆ ಕಳೆದುಕೊಂಡಿದ್ದು ಹೊಟ್ಟೆಯ ಕೂಸು. ಗೌರವ, ಸಿಟ್ಟು, ಸಂಕಟ ಮೂರೂ ಒಂದೇ ಎದೆಯಲ್ಲಿ. ರಾಜ್‌ಕುಮಾರ್ ಅವರಂಥ ನಟ ಭಕ್ತಿಯ ಪರಾಕಾಷ್ಠೆಯಲ್ಲಿರುವ ದೃಶ್ಯದಲ್ಲಿ, ಆ ಭಕ್ತಿಗೆ ಮನೆಯವರು ತೆತ್ತ ಬೆಲೆ ಎಷ್ಟೆಂದು ನಮಗೆ ತಿಳಿಯುವುದು ಲೀಲಾವತಿಯವರ ಅಳುವಿನಿಂದ.

ದಕ್ಷಿಣದ ಭಾಷೆಗಳಲ್ಲಿ 600ಕ್ಕೂ ಹೆಚ್ಚು ಚಿತ್ರಗಳು, ಅವುಗಳಲ್ಲಿ ಕನ್ನಡದವೇ 400ಕ್ಕೂ ಹೆಚ್ಚು. 1999ರಲ್ಲಿ ಡಾ. ರಾಜ್‌ಕುಮಾರ್ ಪ್ರಶಸ್ತಿ, 2008ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದವು.

ಕನ್ನಡ ಸಿನಿಮಾ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾಲದವರು ಅವರು. ಕೊನೆಗೆ ನೆಲೆನಿಂತದ್ದು ನಮ್ಮ ಸೋಲದೇವನಹಳ್ಳಿಯಲ್ಲಿ, ನಟರಾದ ಮಗ ವಿನೋದ್ ರಾಜ್ ಜೊತೆಗೆ, ಬೇಸಾಯ ಮಾಡಿಕೊಂಡು. ಹಳ್ಳಿಯಲ್ಲಿ ಇದ್ದುಕೊಂಡೇ ಅವರು ಹಳ್ಳಿಯ ಕಷ್ಟ ಕಂಡರು. ರಾತ್ರಿ ಹೊತ್ತು ಜ್ವರ ಬಂದರೆ, ಹೆರಿಗೆ ನೋವು ಕಾಣಿಸಿದರೆ ನೆಲಮಂಗಲಕ್ಕೇ ಓಡಬೇಕಿತ್ತು. ತಾವು ದುಡಿದ ಹಣದಲ್ಲಿ ಸೋಲದೇವನಹಳ್ಳಿಯಲ್ಲೇ ಆಸ್ಪತ್ರೆ ಕಟ್ಟಿಸಿದರು. ಆಮೇಲೆ ದನಕರುಗಳಿಗೂ ಒಂದು ಆಸ್ಪತ್ರೆ ಬೇಕೆಂದರು. ಆ ಪಶು ಆಸ್ಪತ್ರೆಯ ಉದ್ಘಾಟನೆ ಆದದ್ದು 2023ರ ನವೆಂಬರ್ ಕೊನೆಯಲ್ಲಿ. ಡಿಸೆಂಬರ್ 8ರಂದು ನೆಲಮಂಗಲದಲ್ಲಿ ಅವರು ಕೊನೆಯುಸಿರೆಳೆದರು.

ತೆರೆಯ ಮೇಲೆ ತಾಯಿಯಾದವರು ಬಹಳ ಮಂದಿ. ಆ ಪಾತ್ರವನ್ನು ಒಂದು ಊರಿನಲ್ಲಿ ಬದುಕಿ ತೋರಿಸಿದವರು ಕಡಿಮೆ.

ಕೇಳುಗರಲ್ಲಿ ನನ್ನದೊಂದು ವಿನಂತಿ. ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದ ಹಿರಿಯ ಜೀವಗಳು ನಿಮ್ಮ ಊರಿನಲ್ಲೂ ಇರಬಹುದು. ಊರ ನಾಟಕಕ್ಕೆ ದ್ರೌಪದಿಯಾಗಿ ಬಂದುಹೋದ ಕಲಾವಿದೆಯ ಹೆಸರು ನಿಮ್ಮ ಅಜ್ಜಿಗೆ ನೆನಪಿರಬಹುದು. ಹೋಗಿ ಕೇಳಿ, ಬರೆದಿಡಿ. ಅವರ ಮಾತನ್ನು ನಿಮ್ಮ ಫೋನಿನಲ್ಲೇ ಧ್ವನಿಮುದ್ರಿಸಿಕೊಳ್ಳಿ. ಮುಂದಿನ ಸಲ ಊರಿನಲ್ಲಿ ಕುರುಕ್ಷೇತ್ರ ಆಡುವಾಗ, ಹೊರಗಿನಿಂದ ಬಂದ ಆ ಹೆಣ್ಣುಮಗಳನ್ನು ಮನೆಯ ಮಗಳಂತೆ ನೋಡಿಕೊಳ್ಳಿ.