ಹೆರಿಗೆಯ ಹೊತ್ತಿನ ಪ್ರಥಮ ಚಿಕಿತ್ಸೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರನಲ್ಲ, ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವನು. ಎಂಟು ವರ್ಷದವನಿದ್ದಾಗ ಊರಿನಲ್ಲಿ ನನ್ನ ತಾಯಿ ತಂಗಿಯನ್ನು ಹೆತ್ತು, ರಕ್ತ ನಿಲ್ಲದೆ ತೀರಿಕೊಂಡಳು. ಸುತ್ತ ಆರು ಜನ ಹೆಂಗಸರಿದ್ದರು. ಪ್ರೀತಿಯಿತ್ತು, ತಿಳಿವಳಿಕೆ ಇರಲಿಲ್ಲ.

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಆದರೆ ನಡುರಾತ್ರಿ ಚಾಳಿನ ಖೋಲಿಯಲ್ಲೇ ಕೂಸು ಬಂದರೆ? ಮೊದಲು 108ಕ್ಕೆ ಫೋನು ಮಾಡಿ. ಸೋಪು ಹಚ್ಚಿ ಕೈ ತೊಳೆಯಿರಿ. ಕೂಸನ್ನು ಒಣಬಟ್ಟೆಯಿಂದ ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ ಹೊದಿಸಿ. ಅಳದಿದ್ದರೆ ಬೆನ್ನು ತಿಕ್ಕಿ. ಆಗಲೂ ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೇ ಉಸಿರು ಕೊಡಬೇಕು. ಇದನ್ನು ಬೊಂಬೆಯ ಮೇಲೆ ಕೈಯಾರೆ ಮಾಡಿಯೇ ಕಲಿಯಬೇಕು. ಬಳ್ಳಿ ಕೊಯ್ಯಲು ಅವಸರ ಬೇಡ, ಎಳೆಯಲೇಬೇಡಿ. ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚಬೇಡಿ. ಕಸ ಬಿದ್ದ ಮೇಲೆ ಕಿಬ್ಬೊಟ್ಟೆ ಮುಟ್ಟಿ ನೋಡಿ. ಗರ್ಭಕೋಶ ಮೆತ್ತಗಿದ್ದರೆ ಗಟ್ಟಿಯಾಗುವವರೆಗೆ ತಿಕ್ಕಿ. ಅರ್ಧ ಲೀಟರು ರಕ್ತ ಹೋಯಿತೆಂದರೆ ಅಪಾಯ. ನಮ್ಮ ಹೋಟೆಲಿನ ಲೆಕ್ಕದಲ್ಲಿ ಅದು ಎರಡೂವರೆ ಗ್ಲಾಸು ನೀರು, ಅಷ್ಟೇ!

ಸಂಘ ತರಬೇತಿ ವರ್ಗ ನಡೆಸಲಿ. ಗಂಡಸರೂ ಬನ್ನಿ. ಮೊದಲ ಹೆಸರು ನನ್ನ ತಂಗಿಯದು, ಎರಡನೆಯದು ನನ್ನದು.